ಅಧ್ಯಕ್ಷರೋ, ಅಧ್ಯಕ್ಷೆಯೋ?

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡ್, ರಬ್ಬರ್ ಸಿಕ್ಕಾ, ಆಮಂತ್ರಣ ಪತ್ರಿಕೆ, ನಾಮಫಲಕ, ಎಲ್ಲಾ ಮಾಡಿ ಕೊಡುತ್ತೇನೆ. ಪ್ರೂಫ್ ನೋಡಲು ಕೂತವರು ರೇಟಿನ ಚೌಕಾಸಿ ಮುಗಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ಅಕ್ಕಾರ, ಹೆಣ್ಮಕ್ಕಳ ಹೆಸರಿನ ಕೆಳಗ ಅಧ್ಯಕ್ಷರು ಅಂತ ಹಾಕೋದೋ, ಅಧ್ಯಕ್ಷೆ ಅಂತ ಹಾಕೋದೋ?"

ಅಧ್ಯಕ್ಷರು ಅಂತಲೇ ಹಾಕಿ. ಯಾಕೆ ಅಂದರೆ ಹೇಳುತ್ತೇನೆ.

ಮೊದಲು ಸುಲಭದ ಕಾರಣ. ಕನ್ನಡದಲ್ಲಿ ಬಂದನು, ಬಂದಳು ಬೇರೆ ಬೇರೆ. ಗೌರವ ಕೊಟ್ಟು ಬಂದರು ಅಂದ ಕೂಡಲೇ ಗಂಡು ಹೆಣ್ಣಿನ ಭೇದ ಹೋಯಿತು. ಶಿಕ್ಷಕರು, ಸದಸ್ಯರು, ನಿರ್ದೇಶಕರು, ಎಲ್ಲದಕ್ಕೂ ಇದೇ ಲೆಕ್ಕ. ಪಂಚಾಯತ್ ರಾಜ್ ಕಾಯ್ದೆಯಲ್ಲೂ ಇರುವುದು 'ಅಧ್ಯಕ್ಷ' ಎಂಬ ಒಂದೇ ಹುದ್ದೆ. ಹೆಣ್ಣುಮಕ್ಕಳಿಗೆ ಅಂತ ಬೇರೆ ಕುರ್ಚಿ ಮಾಡಿಟ್ಟಿಲ್ಲ.

ಕೆಲವರು ವಾದಕ್ಕೆ ನಿಲ್ಲುತ್ತಾರೆ. ಹಾಗಾದರೆ 'ಪತಿ' ಅಂತ ಇರುವ ಹುದ್ದೆಗಳ ಕಥೆ ಏನು ಅಂತ. ಅದಕ್ಕೆ ನಮ್ಮೂರಲ್ಲೇ ಉತ್ತರ ಇದೆ. ತೊರವಿ ಹತ್ತಿರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಶುರುವಾದದ್ದು. ಅಲ್ಲಿ ಕುಲಪತಿ ಕುರ್ಚಿಯಲ್ಲಿ ಮಹಿಳೆಯರು ಕೂತಿದ್ದಾರೆ, ಕುಲಪತಿಗಳು ಅಂತಲೇ ಕರೆಸಿಕೊಂಡಿದ್ದಾರೆ. 2007ರಲ್ಲಿ ಪ್ರತಿಭಾ ಪಾಟೀಲರು ಆರಿಸಿ ಬಂದಾಗ ದೇಶವೆಲ್ಲ ಇದನ್ನೇ ಚರ್ಚೆ ಮಾಡಿತು. ಕೊನೆಗೆ ರಾಷ್ಟ್ರಪತಿ ಅಂತಲೇ ಉಳಿಯಿತು. 2022ರಲ್ಲಿ ಲೋಕಸಭೆಯ ಸದಸ್ಯರೊಬ್ಬರು ದ್ರೌಪದಿ ಮುರ್ಮು ಅವರನ್ನು 'ರಾಷ್ಟ್ರಪತ್ನಿ' ಅಂದು, ಆಮೇಲೆ ಕ್ಷಮೆ ಕೇಳಿ ಪತ್ರ ಬರೆಯಬೇಕಾಯಿತು.

ಇದೆಲ್ಲ ವ್ಯಾಕರಣದ ಮಾತು. ನನ್ನ ನಿಜವಾದ ಕಾರಣ ಬೇರೆ ಇದೆ.

ಹಿಂದೆ ಗೌಡರ ಹೆಂಡತಿ ಗೌಡಸಾನಿ. ಗೌಡಕಿ, ಅಂದರೆ ಊರಿನ ಅಧಿಕಾರ, ಮಾತ್ರ ಗೌಡರದು. ಹೆಣ್ಣಿಗೆ ಹೆಸರು ಗಂಡನಿಂದ ಬರುತ್ತಿತ್ತು. ಈಗ ನಮ್ಮ ಹಳ್ಳಿಗಳಲ್ಲಿ ಅದೇ ಆಟ ಉಲ್ಟಾ ನಡೆಯುತ್ತಿದೆ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು. 1993ರ ಕಾಯ್ದೆಯಲ್ಲಿ ಮೂರನೇ ಒಂದು ಪಾಲಾಯಿತು, 2010ರ ತಿದ್ದುಪಡಿಯಿಂದ ಅರ್ಧಕ್ಕೆ ಏರಿತು. ಹೆಂಡತಿ ಆರಿಸಿ ಬರುತ್ತಾಳೆ. ಚಹಾದ ಅಂಗಡಿಯಲ್ಲಿ ಗಂಡನಿಗೆ "ಬರ್ರಿ ಅಧ್ಯಕ್ಷರ, ಕುಂದರ್ರಿ" ಅಂತ ಕುರ್ಚಿ ಎಳೆದು ಕೊಡುತ್ತಾರೆ. ಕಾಗದದ ಮೇಲೆ ಆಕೆ ಅಧ್ಯಕ್ಷೆ, ಊರಲ್ಲಿ ಈತ ಅಧ್ಯಕ್ಷರು! ಆ 'ಅಧ್ಯಕ್ಷರು' ಖಾಲಿ ಬಿದ್ದಿದ್ದಕ್ಕೇ ಅಲ್ವಾ ಈತ ಎತ್ತಿಕೊಂಡಿದ್ದು? ಆಕೆಯ ಹೆಸರಿನ ಕೆಳಗೆ ಅದನ್ನು ಅಚ್ಚು ಹಾಕಿಬಿಟ್ಟರೆ ಈತನಿಗೆ ಬೇರೆ ಏನಾದರೂ ಹುಡುಕಬೇಕಾಗುತ್ತದೆ.

ಒಂದು ಲೆಟರ್‌ಹೆಡ್ ಆರ್ಡರ್ ಹೇಗೆ ಬರುತ್ತದೆ ಅಂತ ಹೇಳಬೇಕು. ಬರುವವರು ಗಂಡ, ಇಲ್ಲವೇ ಮೈದುನ. ಚೀಟಿಯಲ್ಲಿ 'ಶ್ರೀಮತಿ' ಅಂತ ಶುರುವಾಗಿ, ಆಕೆಯ ಹೆಸರು, ಗಂಡನ ಹೆಸರು, ಅಡ್ಡಹೆಸರು. ಕೆಳಗೆ ಮೊಬೈಲ್ ನಂಬರ್. "ಇದು ಯಾರ ನಂಬರ್‍ರೀ?" ಅಂದರೆ "ನಂದ ಐತ್ರಿ, ಅಕಿ ಫೋನ್ ಎತ್ತಂಗಿಲ್ಲ" ಅನ್ನುತ್ತಾರೆ. ನಾನು ಪ್ರೂಫಿನಲ್ಲಿ ನಂಬರಿನ ಜಾಗ ಖಾಲಿ ಬಿಟ್ಟು, "ಅಕ್ಕಾರನ್ನ ಒಮ್ಮೆ ಕೇಳ್ಕೊಂಡು ಬರ್ರಿ" ಅಂತ ಕಳಿಸುತ್ತೇನೆ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಕೆಲವು ಸಲ ಆಕೆಯೇ ಬರುತ್ತಾಳೆ. ಬಂದು ಅಕ್ಷರದ ಸೈಜು, ಬಣ್ಣ, ಬಸವಣ್ಣನ ಚಿತ್ರ ಎಡಕ್ಕೋ ಬಲಕ್ಕೋ, ಎಲ್ಲಾ ತಾನೇ ಹೇಳುತ್ತಾಳೆ. ಅಂಥ ಕೆಲಸಕ್ಕೆ ನಾನು ಟೈಮ್ ಜಾಸ್ತಿ ಕೊಡುತ್ತೇನೆ, ರೊಕ್ಕ ಅಷ್ಟೇ ತಗೊಳ್ಳುತ್ತೇನೆ.

ನನ್ನ ಅಂಗಡಿಯಲ್ಲೂ ಕಂಪ್ಯೂಟರ್ ಮುಂದೆ ಕೂತ ನನ್ನನ್ನೇ "ಮಾಲಕರು ಎಲ್ಲಿ ಹೋಗ್ಯಾರ್ರಿ?" ಅಂತ ಕೇಳುವವರು ಇದ್ದಾರೆ. "ಇಲ್ಲೇ ಕುಂತಾರಲ್ರಿ" ಅನ್ನುತ್ತೇನೆ. ಪಾಪ, ಹಿಂದೆ ತಿರುಗಿ ನೋಡುತ್ತಾರೆ.

ಹಾಗಂತ ಶಿಕ್ಷಕಿ, ಲೇಖಕಿ ಅನ್ನುವುದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ತನಗೆ ಅದೇ ಬೇಕು ಅಂತ ಆಕೆ ಹೇಳಿದರೆ ಅದನ್ನೇ ಹಾಕುತ್ತೇನೆ. ನಮ್ಮ ಕಡೆ ಶಾಲೆಯಲ್ಲಿ ಅಕ್ಕೋರು ಅಂತ ಕರೆಯುವುದರಲ್ಲಿ ಏನು ಕಡಿಮೆ ಇದೆ? ನನಗೆ ಕಸಿವಿಸಿ ಆಗುವುದು 'ಮಹಿಳಾ' ಅಂತ ಮುಂದೆ ಅಂಟಿಸುವಾಗ. ಮಹಿಳಾ ಸಾಹಿತಿ, ಮಹಿಳಾ ಉದ್ಯಮಿ. ಪುರುಷ ಉದ್ಯಮಿ ಅಂತ ಕಾರ್ಡ್ ಮಾಡಿಸಿದವರು ನನಗಿನ್ನೂ ಸಿಕ್ಕಿಲ್ಲ.

ಇನ್ನು ಕೆಲವು ಸಿಕ್ಕಾಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಅಂಗನವಾಡಿ ಕಾರ್ಯಕರ್ತೆ, ಅಂಗನವಾಡಿ ಸಹಾಯಕಿ, ಆಶಾ ಕಾರ್ಯಕರ್ತೆ. ಹುದ್ದೆಯ ಹೆಸರೇ ಹೆಣ್ಣು. ಈ ಹುದ್ದೆಗಳಿಗೆ ಸಿಗುವುದು ಗೌರವಧನ, ಸಂಬಳ ಅಲ್ಲ. ಮಕ್ಕಳನ್ನು ನೋಡಿಕೊಳ್ಳುವುದು, ಬಾಣಂತಿ ಮನೆಗೆ ಹೋಗಿ ಬರುವುದು ಹೆಂಗಸರು ಹೆಂಗೂ ಮಾಡುವ ಕೆಲಸ, ಅದಕ್ಕೇನು ಸಂಬಳ ಅನ್ನುವ ಯೋಚನೆ ಇದರ ಹಿಂದಿದೆ ಅಂತ ನನಗೆ ಅನಿಸುತ್ತದೆ. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ನಲವತ್ತೇಳು ವರ್ಷ! ಇಲ್ಲಿ 'ಕಾರ್ಯಕರ್ತರು' ಅಂತ ತಿದ್ದಿಕೊಟ್ಟರೆ ಏನೂ ಬದಲಾಗುವುದಿಲ್ಲ. ಅವರು ಬೀದಿಗಿಳಿದು ಕೇಳುತ್ತಿರುವುದು ಕನಿಷ್ಠ ವೇತನ.

ಆದ್ದರಿಂದ ಆರ್ಡರ್ ಕೊಡಲು ಬರುವಾಗ ಹೀಗೆ ಮಾಡಿ. ಹುದ್ದೆಗೆ 'ರು' ಹಚ್ಚಿ ಬರೆದುಕೊಂಡು ಬನ್ನಿ. ಶ್ರೀಮತಿ ಬೇಕೋ ಬೇಡವೋ ಆಕೆಯನ್ನೇ ಕೇಳಿ. ಫೋನ್ ನಂಬರ್ ಆಕೆಯದೇ ಇರಲಿ. ಪ್ರೂಫ್ ವಾಟ್ಸಾಪಿನಲ್ಲಿ ಅದೇ ನಂಬರಿಗೆ ಕಳಿಸುತ್ತೇನೆ, ಓಕೆ ಅಂತ ಅಲ್ಲಿಂದ ಬಂದ ಮೇಲೇ ಪ್ರಿಂಟ್.