ಕೆಂಪಕ್ಕಿ ಅನ್ನ

ಎಂಟನೇ ಕ್ಲಾಸಿನ ಆ ಡಿಸೆಂಬರಿನಲ್ಲಿ ನನ್ನ ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ಅಪ್ಪನ ಕಾಗದ ಒಂದಿತ್ತು. ಹಾಸ್ಟೆಲ್ಲಿನ ವಾರ್ಡನ್ ಸಿಸ್ಟರಿಗೆ ಕೊಡು ಅಂತ ನನ್ನ ಕಾಗದದ ಜೊತೆಗೇ ಮಡಚಿ ಕಳಿಸಿದ್ದರು. ನಾನು ಕೊಟ್ಟಿರಲಿಲ್ಲ.

ಅದರಲ್ಲಿ ಇದ್ದದ್ದು ನಾಲ್ಕೇ ಸಾಲು. ಈ ಸಲ ಅಡಿಕೆ ತೋಟಕ್ಕೆ ಕೊಳೆ ಬಂದಿದೆ, ಉಳಿದಷ್ಟು ಕೊನೆ ಇಳಿಸಿ, ಸುಲಿದು, ಬೇಯಿಸಿ, ಮಾರುವವರೆಗೆ ಫೀಸು ಕಟ್ಟಲು ಆಗುವುದಿಲ್ಲ, ದಯವಿಟ್ಟು ಸ್ವಲ್ಪ ತಡೆದುಕೊಳ್ಳಿ. ಅಡಿಕೆಯವರಿಗೆ ಕೊಳೆರೋಗದ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಮೈಲುತುತ್ತ, ಸುಣ್ಣ ಕಲಸಿ ಇಟ್ಟುಕೊಂಡರೂ ಹೊಡೆಯಲಿಕ್ಕೆ ಮಳೆ ಬಿಡಬೇಕಲ್ವಾ? ಆ ವರ್ಷ ಬಿಡಲಿಲ್ಲ. ಹಸಿರು ಕಾಯಿ ಮರದ ಬುಡದಲ್ಲೇ ಉದುರಿ ಕೊಳೆಯಿತು.

ನಮ್ಮದು ತೀರ್ಥಹಳ್ಳಿಯಿಂದ ಆಚೆಗೆ, ಅಜ್ಜನ ಕಾಲದಲ್ಲಿ ಘಟ್ಟ ಹತ್ತಿ ಬಂದ ಸಂಸಾರ. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ಕನ್ನಡ. ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆದದ್ದು 1988ರಲ್ಲಿ. ಅದಾಗಿ ಹತ್ತು ವರ್ಷಕ್ಕೆ ನಾನು ಶಿವಮೊಗ್ಗದ ಈ ಶಾಲೆಗೆ ಬಂದೆ. ಹಾಸ್ಟೆಲ್ಲಿನಲ್ಲಿ ಫೀಸು ಕಟ್ಟದವಳು ನಾನೊಬ್ಬಳೇ ಅಂತ ಯಾಕೋ ನಂಬಿಕೊಂಡಿದ್ದೆ. ನಮ್ಮಲ್ಲಿ ಅರ್ಧ ಜನರ ಕಥೆ ಅದೇ ಆಗಿತ್ತು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಆಗಮನ ಕಾಲ ಶುರುವಾಗಿತ್ತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ, ಭಾನುವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದ್ದು ಮೂರನೇ ಭಾನುವಾರಕ್ಕೆ, ಅದು ಸಂತೋಷದ ಭಾನುವಾರ. ಗಾಂಧಿ ಬಜಾರ್ ಪೂರ್ತಿ ಸುತ್ತಿದರೂ ಗುಲಾಬಿ ಬತ್ತಿ ಸಿಗಲಿಲ್ಲ ಅಂತ ಸಿಸ್ಟರ್ ಬಿಳಿ ಬತ್ತಿಗೇ ಗುಲಾಬಿ ರಿಬ್ಬನ್ ಸುತ್ತಿದ್ದರು. ಆ ಭಾನುವಾರಗಳ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ. ಕ್ರಿಸ್ಮಸ್ ರಾತ್ರಿಯ ತನಕ ಅದನ್ನು ತಡೆದಿಟ್ಟಿರುತ್ತಾರೆ. ಈಗ ನಾನಿರುವ ಬೆಂಗಳೂರಿನ ಮಾಲ್‌ಗಳಲ್ಲಿ ನವೆಂಬರಿಗೇ ಜಿಂಗಲ್ ಬೆಲ್ಸ್ ಕೇಳಿಸುತ್ತದೆ. ಕಾಯುವುದಕ್ಕೇ ಒಂದು ಕಾಲ ಅಂತ ಇದೆ ಎಂದು ನನ್ನ ಮಕ್ಕಳಿಗೆ ಹೇಳಿದರೆ ನಗುತ್ತಾರೆ.

ಊಟದ ಹಾಲಿನ ಮೂಲೆಯಲ್ಲಿ ಖಾಲಿ ಗೋದಲಿ, ಪಕ್ಕದಲ್ಲಿ ಒಂದು ಬುಟ್ಟಿ ಹುಲ್ಲು. ಯಾರಿಗಾದರೂ ಗುಟ್ಟಾಗಿ ಒಂದು ಒಳ್ಳೆಯದು ಮಾಡಿದರೆ, ರಾತ್ರಿ ಮಲಗುವ ಮುಂಚೆ ಒಂದು ಕಡ್ಡಿ ತೆಗೆದು ಗೋದಲಿಯಲ್ಲಿ ಇಡಬೇಕು. ಬಾಲಯೇಸುವಿಗೆ ಹಾಸಿಗೆ. ಮೊದಲ ಗೋದಲಿಯನ್ನು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸರು ಮಾಡಿಸಿದರಂತೆ, ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟು. ಸಿಸ್ಟರ್ ಇದನ್ನು ಹೇಳುವಾಗ ನಾನು ಬುಟ್ಟಿಯ ಕಡೆ ನೋಡುತ್ತಿದ್ದೆ. ಅವತ್ತು ರಾತ್ರಿ ಒಂದು ಹಿಡಿ ಹುಲ್ಲು ತೆಗೆದು ಗೋದಲಿಗೆ ತುರುಕಿದೆ. ಮಾಡಿದ ಉಪಕಾರ ಸೊನ್ನೆ. ದೇವರು ಲೆಕ್ಕ ಇಡುವುದಾದರೆ ನನ್ನ ಲೆಕ್ಕ ಜಾಸ್ತಿ ಕಾಣಲಿ, ಬೇಗ ಮನಿಆರ್ಡರ್ ಬರಲಿ ಅಂತ.

ಇಮ್ಮಾನುವೇಲ್ ಅಂದರೆ ದೇವರು ನಮ್ಮ ಜೊತೆಗಿದ್ದಾರೆ ಎಂದು ಅರ್ಥ, ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇದೆ. ಆ ಪಾಠದ ದಿನ ನಾನು ಎದ್ದು ಕೇಳಿದ್ದೆ: "ಜೊತೆಗಿದ್ರೆ ಕಾಣಬೇಕಲ್ವಾ ಸಿಸ್ಟರ್?" ಸಿಸ್ಟರ್ ಸುಮ್ನೆ "ಕೂತ್ಕೋ" ಅಂದರು.

ಮನಿಆರ್ಡರ್ ಬರಲಿಲ್ಲ. ಅದರ ಬದಲು ಹಾಸ್ಟೆಲ್ಲಿನ ಊಟ ಬದಲಾಯಿತು. ದಿನಾ ಬೆಳ್ಳಗೆ, ಉದುರುದುರಾಗಿ ಇರುತ್ತಿದ್ದ ಅನ್ನ ಒಂದು ಗುರುವಾರ ಕೆಂಪಗೆ, ದಪ್ಪಗೆ ಬಂತು. ಘಟ್ಟದ ಮೇಲಿನ ಬಯಲುಸೀಮೆ ಹುಡುಗಿಯರು ಮೂಗು ಮುರಿದರು. ಅವರ ಜೊತೆ ಸೇರಿ ನಾನೂ ಮುರಿದೆ. "ಯಾರೋ ಬಿಟ್ಟಿ ಕೊಟ್ಟಿದ್ದಿರಬೇಕು" ಅಂದೆ. ಎಲ್ಲರೂ ನಕ್ಕರು. ಆ ನಗು ನನಗೆ ಬೇಕಿತ್ತು. ಎರಡು ತುತ್ತು ತಿಂದು ಉಳಿದದ್ದನ್ನು ಚೆಲ್ಲಿದೆ. ಮಾರನೆಯ ದಿನವೂ ಅಷ್ಟೇ.

ಗುಲಾಬಿ ಬತ್ತಿ ಹಚ್ಚಿದ ಭಾನುವಾರ ಸಂಜೆ ಸಿಸ್ಟರ್ ಕರೆದರು. ಹುಲ್ಲಿನ ವಿಷಯವೋ, ಅನ್ನದ ವಿಷಯವೋ ಅಂತ ಯೋಚಿಸುತ್ತಲೇ ಹೋದೆ. ಅವರು ಬೈಯಲಿಲ್ಲ. ಅಡುಗೆಮನೆ ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ತುಂಬಿದ ಮೂಟೆ, ಅದರ ಮೇಲೆ ಮಡಚಿಟ್ಟ ಒಂದು ಖಾಲಿ ಚೀಲ. ಚೀಲದ ಬಾಯಿಗೆ ಹಸಿರು ನೈಲಾನ್ ದಾರದ ಹೊಲಿಗೆ ಅರ್ಧ ಬಿಚ್ಚಿ ನೇತಾಡುತ್ತಿತ್ತು. ಅಮ್ಮ ಮನೆಯಲ್ಲಿ ಹೊಲಿಯುವುದು ಹಾಗೇ, ಒಂದು ಗಂಟು ಬಿಟ್ಟು ಒಂದು ಗಂಟು. ಹೊರಗಿನ ಮೂಲೆಯಲ್ಲಿ ಮೈಲುತುತ್ತದ ನೀಲಿ ಕಲೆ, ನಾಲ್ಕು ಬೆರಳು.

"ಬುಧವಾರ ನಿಮ್ಮಪ್ಪ ಬಂದಿದ್ರು. ಕಾಗದಕ್ಕೆ ಉತ್ತರ ಬರಲಿಲ್ಲ ಅಂತ ಅವರೇ ಬಂದ್ರು. ಫೀಸಿನ ಬದಲು ಅಕ್ಕಿ ತಗೊಳ್ತೀರಾ ಅಂತ ಕೇಳಿದ್ರು."

"ನನ್ನ ನೋಡ್ದೇ ಹೋದ್ರಾ?"

"ನೋಡಿದ್ರು. ನಿನ್ನ ಕ್ಲಾಸಿನ ಕಿಟಕಿ ಹತ್ರ ತುಂಬಾ ಹೊತ್ತು ನಿಂತಿದ್ರು. ನೀನು ಏನೋ ಬರೀತಿದ್ದೆ. ಕರೀಲಾ ಅಂದೆ. ಬೇಡ, ಓದ್ತಾ ಇದಾಳೆ, ಬಸ್ಸಿಗೆ ಹೊತ್ತಾಯ್ತು ಅಂದ್ರು."

ಬುಧವಾರ ಅದು ಯಾವ ಪೀರಿಯಡ್ ಇದ್ದಿರಬಹುದು ಅಂತ ಇವತ್ತಿಗೂ ಲೆಕ್ಕ ಹಾಕುತ್ತೇನೆ. ಕನ್ನಡವಾಗಿದ್ದರೆ ಬರೆಯುತ್ತಿದ್ದೆ. ಗಣಿತವಾಗಿದ್ದರೆ ಖಂಡಿತ ಪುಸ್ತಕದ ಹಿಂಬದಿಯಲ್ಲಿ ಚಿತ್ರ ಗೀಚುತ್ತಿದ್ದೆ.

ಟ್ರಂಕಿನಿಂದ ಕಾಗದ ತಂದು ಕೊಟ್ಟೆ. ಸಿಸ್ಟರ್ ಅದನ್ನು ಬಿಚ್ಚದೆ ಜೇಬಿಗೆ ಹಾಕಿಕೊಂಡರು. ಗೋದಲಿಯಿಂದ ನಾನು ತುರುಕಿದ ಹುಲ್ಲು ವಾಪಸ್ ತೆಗೆಯಲಾ ಅಂತ ಕೇಳಿದ್ದಕ್ಕೆ, "ಬಿಡು, ಮಗುವಿಗೆ ಮೆತ್ತಗಾಗತ್ತೆ" ಅಂದರು.

ರಜೆಗೆ ಊರಿಗೆ ಹೊರಟೆ. ಗಾಜನೂರು ದಾಟಿ ಸಕ್ರೆಬೈಲಿನಲ್ಲಿ ಆನೆ ಕಂಡರೆ ಕಿಟಕಿಗೆ ಮುಗಿಬೀಳುತ್ತಿದ್ದವಳು ಆ ಸಲ ಸುಮ್ಮನೆ ಕೂತಿದ್ದೆ. ಕ್ರಿಸ್ಮಸ್ ರಾತ್ರಿ ನಮ್ಮ ಸಣ್ಣ ಚರ್ಚಿನಲ್ಲಿ ಗಂಟೆ ಬಾರಿಸಿ ಗ್ಲೋರಿಯಾ ಎತ್ತಿದಾಗ ಅಪ್ಪನ ದನಿ ಎಲ್ಲರಿಗಿಂತ ಅರ್ಧ ಸಾಲು ಹಿಂದೆ ಬರುತ್ತಿತ್ತು. ಅದು ಯಾವಾಗಲೂ ಹಾಗೇ. ಕ್ರಿಸ್ಮಸ್ಸಿನ ತಿಂಡಿಗಳು, ನಮ್ಮ ಕುಸ್ವಾರ್, ಆ ವರ್ಷ ಕಮ್ಮಿ, ಆದರೂ ಪಕ್ಕದ ಹೆಗ್ಗಡೆಯವರ ಮನೆಗೆ ತಟ್ಟೆ ಹೋಯಿತು. ತಟ್ಟೆ ವಾಪಸ್ ಬರುವಾಗ ಎರಡು ಚಿಪ್ಪು ಬಾಳೆಹಣ್ಣು ಇತ್ತು.

ಮಧ್ಯಾಹ್ನ ಊಟಕ್ಕೆ ಕೂತೆವು. ತಟ್ಟೆಗೆ ಬಿದ್ದದ್ದು ಬೆಳ್ಳಗಿನ, ಉದುರುದುರಾದ ಸೊಸೈಟಿ ಅಕ್ಕಿಯ ಅನ್ನ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಸಾರಿನ ಪಾತ್ರೆ ನೋಡಿದಳು.

"ಹಾಸ್ಟೆಲ್ ಊಟ ಹ್ಯಾಗಿದೆ?" ಅಪ್ಪ ಕೇಳಿದರು.

"ಚೆನ್ನಾಗಿದೆ" ಅಂದೆ. ಆ ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.