ಯೆಜ್ಡಿ ಕ್ಲಾಸಿಕ್: ರಿಂಗ್ ಗ್ಯಾಪ್ ಮೇಲೆ 0.30, ಕೆಳಗೆ 0.10

ನನ್ನ ಯೆಜ್ಡಿ ಬೈಕಿನ ಎಂಜಿನ್ ಮತ್ತೆ ಜಾಮ್ ಆಯ್ತು. ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ, ನಂದಿಯ ಕವಲು ಇನ್ನೂ ಬಂದಿರಲಿಲ್ಲ. ಎಂಜಿನ್ ದನಿ ಇಳಿಯಿತು, ಕ್ಲಚ್ ಹಿಡಿಯುವಷ್ಟರಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಸಿಲಿಂಡರನ್ನು 0.50 ಎಂಎಂ ದೊಡ್ಡದಾಗಿ ಕೊರೆಸಿದ ಓವರ್‌ಸೈಜ್ ಬೋರ್, ಹೊಸ ಪಿಸ್ಟನ್, ಹೊಸ ರಿಂಗ್. ಓಡಿದ್ದು ಬರೀ 140 ಕಿ.ಮೀ. ಆಯಿಲ್ ಮಿಕ್ಸ್, ಸ್ಪಾರ್ಕಿನ ಪಾಯಿಂಟ್, ಕಾರ್ಬುರೇಟರಿನ ಜೆಟ್ ಎಲ್ಲ ಎರಡೆರಡು ಸಲ ನೋಡಿದ್ದೆ.

ಬಿಚ್ಚಿದ ಕಥೆ ಬೇಡ. ಪಿಸ್ಟನ್ ಮೇಲೆ ಗೀರು, ರಿಂಗಿನ ಎರಡೂ ತುದಿ ಫಳಫಳ. ತುದಿ ಹೊಳೆದರೆ ಅವು ಒಂದಕ್ಕೊಂದು ಗುದ್ದಿವೆ ಅಂತಲೇ ಅರ್ಥ. ಆದರೆ ಆ ತುದಿಗಳ ನಡುವಿನ ಗ್ಯಾಪನ್ನು ಬೋರಿನ ಮೇಲ್ಭಾಗದಲ್ಲಿ ನಾನೇ ಅಳೆದಿದ್ದೆನಲ್ಲ, 0.30 ಎಂಎಂ! ಬೋರಿನ ಒಂದೊಂದು ಇಂಚಿಗೆ 4 ಥೌ (ಇಂಚಿನ ಸಾವಿರದ ಒಂದು ಭಾಗ) ಲೆಕ್ಕ ಹಾಕಿದರೆ 65.5 ಎಂಎಂಗೆ 0.26 ಇದ್ದರೆ ಸಾಕು.

ಮೂರು ದಿನ ರಿಂಗ್ ಕೊಟ್ಟವರ ಮೇಲೇ ಅನುಮಾನ. ಪ್ಯಾಕೆಟ್ ಮೇಲೆ ಸೈಜ್ ಬಿಟ್ಟರೆ ಒಂದಕ್ಷರ ಇಲ್ಲ, ಪಿನ್ ಕೂರುವ ಕಚ್ಚಿನಲ್ಲಿ ಅರ ಮುಟ್ಟಿಸದ ಚೂಪು. ಫೋನ್ ಮಾಡಿದರೆ, "ಎಲ್ರೂ ಅದನ್ನೇ ಹಾಕ್ತಾರೆ ಸಾರ್, ನೀವೊಬ್ರೇ ಅಳೆಯೋದು." ಅಳೆಯದೆ ಹೇಗೆ ಹಾಕುವುದು?

ನಾಲ್ಕನೇ ರಾತ್ರಿ ಪಿಸ್ಟನ್ ತಲೆಕೆಳಗು ಮಾಡಿ ರಿಂಗನ್ನು ಪೋರ್ಟುಗಳನ್ನೂ (ಸಿಲಿಂಡರ್ ಗೋಡೆಯ ಕಿಂಡಿಗಳು) ದಾಟಿಸಿ ಕೆಳಕ್ಕೆ ತಳ್ಳಿದೆ. ಅಲ್ಲಿ 0.25ರ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಹೋಗಲಿಲ್ಲ, 0.15 ಹೋಗಲಿಲ್ಲ. 0.10 ಬಿಗಿಯಾಗಿ ಹೋಯಿತು. ಕುರ್ಚಿಯಿಂದ ಎದ್ದೇಬಿಟ್ಟೆ.

ಸುತ್ತಳತೆ ಅಂದರೆ ವ್ಯಾಸದ 3.14 ಪಟ್ಟು. ಗ್ಯಾಪ್ 0.20 ಕಮ್ಮಿಯಾಗಿದೆ ಅಂದರೆ ಬೋರ್ ಕೆಳಗೆ 0.06 ಕಿರಿದು. ಬೋರ್ ಗೇಜ್ ಹಾಕಿದರೆ ಅದೇ 0.06. ಬೋರ್ ಮಾಡಿದವರು ಮೇಲಷ್ಟೇ ಸೈಜ್ ನೋಡಿ ಕೈ ತೊಳೆದುಕೊಂಡಿದ್ದಾರೆ. ಬೀಡು ಕಬ್ಬಿಣದ ರಿಂಗ್ ಸಿಲಿಂಡರಿಗಿಂತ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 0.22 ಎಂಎಂ ಉದ್ದವಾಗುತ್ತೆ. ಮೇಲೆ ಅದಕ್ಕೆ ಜಾಗವಿತ್ತು, ಕೆಳಗೆ ಇರಲಿಲ್ಲ. ರಿಂಗ್ ತುದಿಗೆ ಅರ ಹಾಕಿ ಗ್ಯಾಪ್ ಹೆಚ್ಚಿಸಬಹುದಿತ್ತು ಅಂತ ಗೆಳೆಯನೊಬ್ಬ ಹೇಳಿದ. ಒಪ್ಪಲಾರೆ. ಅದೇ 0.06 ಪಿಸ್ಟನ್ ಸುತ್ತ ಬಿಟ್ಟ ಸಂದನ್ನೂ ತಿಂದಿದೆ. ರಿಂಗ್ ಉಳಿದರೂ ಪಿಸ್ಟನ್ ಹಿಡಿಯುತ್ತಿತ್ತು.

ಮಂಡ್ಯದ ಹಳೇ ಲೇತ್ ಮೇಸ್ತ್ರಿಯ ಹತ್ತಿರ 66ಕ್ಕೆ ಬೋರ್ ಮಾಡಿಸಿದೆ. ಪೋರ್ಟ್ ಅಂಚುಗಳನ್ನೂ ಅವರೇ ನಯ ಮಾಡಿದರು. ಈಗ ಗ್ಯಾಪ್ ಮೇಲೆ 0.31, ನಡುವೆ 0.31, ಕೆಳಗೆ 0.30. ಒಂದು ಓವರ್‌ಸೈಜ್ ಸುಮ್ಮನೆ ಹೋಯಿತಲ್ಲ ಅನ್ನೋದೇ ಸಂಕಟ. 1961ರಲ್ಲಿ ಶುರುವಾದ ನಮ್ಮ ಮೈಸೂರಿನ ಯಾದವಗಿರಿಯ ಯೆಜ್ಡಿ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಇರುವ ಸಿಲಿಂಡರುಗಳನ್ನೇ ಜೋಪಾನ ಮಾಡಬೇಕು.

ಮುಂದಿನದು ಅಣ್ಣನ ಬುಲೆಟ್ 350. ಯೆಜ್ಡಿಯಂಥ ಟೂ ಸ್ಟ್ರೋಕಿನಲ್ಲಿ ಕ್ಯಾಮ್‌ನ (ವಾಲ್ವ್ ಎತ್ತುವ ಉಬ್ಬಿನ) ಕೆಲಸವನ್ನು ಪೋರ್ಟಿನ ಎತ್ತರವೇ ಮಾಡುತ್ತೆ. ಬುಲೆಟ್ ಫೋರ್ ಸ್ಟ್ರೋಕ್, ಅಲ್ಲಿ ನಿಜವಾದ ಕ್ಯಾಮ್‌ಗಳು, ಇನ್ಲೆಟ್‌ಗೊಂದು ಎಕ್ಸಾಸ್ಟ್‌ಗೊಂದು. ಇಬ್ಬರು ಮಾರಾಟಗಾರರಿಂದ ಅವರವರ ಕ್ಯಾಮಿನ ಅಳತೆಯ ಕಾರ್ಡ್ ತರಿಸಿದೆ. ಒಂದರಲ್ಲಿ ಡ್ಯುರೇಷನ್ (ವಾಲ್ವ್ ತೆರೆದಿರುವಾಗ ಕ್ರ್ಯಾಂಕ್ ತಿರುಗುವಷ್ಟು) 280 ಡಿಗ್ರಿ, ಇನ್ನೊಂದರಲ್ಲಿ 240. ಮೊದಲನೆಯದೇ ಬಿಸಿ, ಅಂದರೆ ಜೋರು ಕ್ಯಾಮ್ ಅಂತ ಅಣ್ಣ ಕುಣಿದ. ಎರಡನೆಯದನ್ನು 1.27 ಎಂಎಂ ಲಿಫ್ಟ್‌ನಲ್ಲಿ (ಕ್ಯಾಮ್ ಅಷ್ಟು ಎತ್ತಿದ ಮೇಲೆ) ಅಳೆದದ್ದು ಅಂತ ಬರೆದಿದೆ, ಮೊದಲನೆಯದರಲ್ಲಿ ಎಷ್ಟು ಲಿಫ್ಟ್ ಅಂತ ಬರೆದೇ ಇಲ್ಲ. ವಾಲ್ವ್ ಮಿಸುಕಿದ ಕ್ಷಣದಿಂದ ಎಣಿಸಿದರೆ ಯಾವ ಸಾಧು ಕ್ಯಾಮೂ ದೊಡ್ಡದಾಗೇ ಕಾಣುತ್ತೆ. ಎರಡನ್ನೂ ತರಿಸಿ, ಕ್ರ್ಯಾಂಕಿಗೆ ಡಿಗ್ರಿ ಡಿಸ್ಕ್ ಕಟ್ಟಿ ಒಂದೇ ಲಿಫ್ಟ್‌ನಲ್ಲಿ ಅಳೆಯುವವರೆಗೆ ಯಾರಿಗೂ ಹಣ ಕೊಡಬೇಡ ಅಂತ ಅಣ್ಣನಿಗೆ ಹೇಳಿದ್ದೇನೆ.

ಯೆಜ್ಡಿ ನಿನ್ನೆ ಮೂರನೇ ಕಿಕ್‌ಗೆ ಎದ್ದಿತು. ಶ್ರೀರಂಗಪಟ್ಟಣದವರೆಗೆ ನಿಧಾನಕ್ಕೆ ಹೋಗಿಬಂದೆ. 500 ಕಿ.ಮೀ. ಆಗುವವರೆಗೆ ಬೆಟ್ಟ ಇಲ್ಲ.