ಹುಡುಗಿಯರ ದೋಣಿಗೆ ಯಾಕೆ ಇಷ್ಟು ದುಡ್ಡು?

ಬಾಸ್ಟನ್ ಸುತ್ತಮುತ್ತ ಕನ್ನಡದವರು ಸೇರಿದ ಕಡೆಯಲ್ಲೆಲ್ಲ ನನಗೆ ಒಂದು ಪ್ರಶ್ನೆ ಎದುರಾಗುತ್ತದೆ. ನಾನು ಚಾರ್ಲ್ಸ್ ನದಿಯಲ್ಲಿ ದೋಣಿಗೆ ಹುಟ್ಟು ಹಾಕುತ್ತೇನೆ ಎಂದು ಗೊತ್ತಿರುವವರು, ಹೈಸ್ಕೂಲು ಓದುವ ಮಕ್ಕಳಿರುವವರು, ಊಟದ ತಟ್ಟೆ ಹಿಡಿದುಕೊಂಡೇ ಹತ್ತಿರ ಬರುತ್ತಾರೆ. "ಇಲ್ಲಿನ ಕಾಲೇಜುಗಳಲ್ಲಿ ಹುಡುಗಿಯರ ರೋಯಿಂಗ್‌ಗೆ ಸ್ಕಾಲರ್‌ಶಿಪ್ ಕೊಡ್ತಾರಂತೆ. ಹುಡುಗರಿಗೆ ಯಾಕಿಲ್ಲ? ಅನ್ಯಾಯ ಅಲ್ವಾ?"

ಲೆಕ್ಕದ ಉತ್ತರ ಚಿಕ್ಕದು. 1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ ಎಂದು ಅದು ಹೇಳಿತು. ಆಟಕ್ಕೂ ಅದು ಅನ್ವಯ. ದೊಡ್ಡ ಕಾಲೇಜುಗಳ ಹುಡುಗರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಬಹಳ ವರ್ಷ 85 ಸ್ಕಾಲರ್‌ಶಿಪ್‌ವರೆಗೆ ಕೊಡಬಹುದಿತ್ತು. ಅದನ್ನು ಸರಿದೂಗಿಸಲು ಅಷ್ಟು ದೊಡ್ಡ ತಂಡ ಬೇಕಾಗುವ ಆಟ ಹುಡುಗಿಯರಿಗೆ ಯಾವುದಿದೆ? ರೋಯಿಂಗ್‌ನಲ್ಲಿ ಒಂದು ದೊಡ್ಡ ದೋಣಿಗೇ ಎಂಟು ಜನ ಬೇಕು. ದಾರಿ ನೋಡಿ ಕೂಗಿ ಹೇಳುವ ಕಾಕ್ಸ್ ಸೇರಿದರೆ ಒಂಬತ್ತು. ಇಂಥ ದೋಣಿಗಳು ಎರಡು ಮೂರು ಇದ್ದರೆ ತಂಡ ತಾನಾಗಿ ದೊಡ್ಡದಾಗುತ್ತದೆ. ಹಾಗಾಗಿ 1990ರ ದಶಕದಲ್ಲಿ ಎಷ್ಟೋ ವಿಶ್ವವಿದ್ಯಾಲಯಗಳು ಹುಡುಗಿಯರ ರೋಯಿಂಗ್ ತಂಡ ಕಟ್ಟಿದವು. ಆ ಕಾಲದ ಮಿತಿ 20 ಸ್ಕಾಲರ್‌ಶಿಪ್. 1997ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಮೊದಲ ಸಲ ಮಹಿಳೆಯರ ರೋಯಿಂಗ್ ಚಾಂಪಿಯನ್‌ಶಿಪ್ ನಡೆಸಿತು. ಗೆದ್ದವರು ವಾಷಿಂಗ್ಟನ್ ವಿಶ್ವವಿದ್ಯಾಲಯದವರು.

ಇಷ್ಟು ಹೇಳಿ ಸುಮ್ಮನಾಗಬಹುದು. ಆದರೆ ಇಷ್ಟನ್ನೇ ಕೇಳಿದವರಿಗೆ, ಯಾರೋ ಕರೆದು ಹುಡುಗಿಯರ ಕೈಗೆ ಇದನ್ನೆಲ್ಲ ಇಟ್ಟರು ಅನ್ನಿಸುತ್ತದೆ. ಹಾಗಾಗಿ ನಾನು ಯಾವಾಗಲೂ ಯೇಲ್ ವಿಶ್ವವಿದ್ಯಾಲಯದ ಕತೆಯನ್ನೂ ಹೇಳುತ್ತೇನೆ.

ಹಾರ್ವರ್ಡ್ ಮತ್ತು ಯೇಲ್ ಹುಡುಗರು 1852ರಲ್ಲಿ ದೋಣಿ ಪಂದ್ಯ ನಡೆಸಿದರು. ಅಮೆರಿಕದಲ್ಲಿ ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಪಂದ್ಯ ಅದೇ. ಹುಡುಗಿಯರು ಆಗ ದೋಣಿಯನ್ನೇ ಮುಟ್ಟಿರಲಿಲ್ಲ ಅಂತಲ್ಲ. 1870ರ ದಶಕದಲ್ಲೇ ವೆಲ್ಸ್‌ಲೀ ಎಂಬ ಮಹಿಳಾ ಕಾಲೇಜಿನವರು ತಮ್ಮ ಕೆರೆಯಲ್ಲಿ ಹುಟ್ಟು ಹಾಕುತ್ತಿದ್ದರು. ಆದರೆ ಅಲ್ಲಿ ಬಹಳ ಕಾಲ ನೋಡುತ್ತಿದ್ದದ್ದು ವೇಗವನ್ನಲ್ಲ, ಭಂಗಿಯನ್ನು. ಇಂಗ್ಲೆಂಡಿನಲ್ಲೂ ಹಾಗೇ ಆಯಿತು. 1927ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಮಹಿಳೆಯರು ಮೊದಲ ಸಲ ಎದುರಾದಾಗ ಎರಡು ದೋಣಿಗಳನ್ನು ಅಕ್ಕಪಕ್ಕ ಬಿಡಲಿಲ್ಲ. ಒಂದಾದ ಮೇಲೆ ಒಂದನ್ನು ಬಿಟ್ಟು, ಹೊತ್ತಿನ ಜೊತೆಗೆ ಶೈಲಿಗೂ ಅಂಕ ಕೊಟ್ಟರು. ಮೈಮುರಿದು ಹುಟ್ಟು ಹಾಕಿದವರಿಗೆ ಅಂದವಾಗಿ ಹಾಕಿದಿರಿ ಎನ್ನುವುದು! ಇದನ್ನು ನೆನೆದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ.

ಯೇಲ್ ಪದವಿ ತರಗತಿಗೆ ಹುಡುಗಿಯರನ್ನು ಸೇರಿಸಿಕೊಂಡದ್ದು 1969ರಲ್ಲಿ. ಕೆಲವೇ ವರ್ಷಗಳಲ್ಲಿ ಅವರು ರೋಯಿಂಗ್ ತಂಡ ಕಟ್ಟಿಕೊಂಡರು. ದೋಣಿ ಇಡುವ ಬೋಟ್‌ಹೌಸ್ ಇದ್ದದ್ದು ಕಾಲೇಜಿನ ಹತ್ತಿರ ಅಲ್ಲ, ಡರ್ಬಿ ಎಂಬ ಊರಿನಲ್ಲಿ, ಹೌಸಟಾನಿಕ್ ನದಿಯ ದಡದಲ್ಲಿ. ಹುಡುಗರೂ ಹುಡುಗಿಯರೂ ಬಸ್ಸಿನಲ್ಲಿ ಹೋಗಿ ಬರಬೇಕಿತ್ತು. ಬೋಟ್‌ಹೌಸಿನಲ್ಲಿ ಸ್ನಾನದ ಕೋಣೆ ಇತ್ತು, ಆದರೆ ಅದು ಹುಡುಗರದ್ದು. ಅಭ್ಯಾಸ ಮುಗಿದ ಮೇಲೆ ಹುಡುಗರು ಬಿಸಿನೀರು ಸುರಿದುಕೊಂಡು ಬಟ್ಟೆ ಬದಲಿಸುತ್ತಿದ್ದರು. ಹುಡುಗಿಯರು ಒದ್ದೆ ಬಟ್ಟೆಯಲ್ಲೇ ಬಸ್ಸಿನಲ್ಲಿ ಕೂತು ಅವರಿಗಾಗಿ ಕಾಯುತ್ತಿದ್ದರು. ಆಮೇಲೆ ಯೇಲ್ ಇರುವ ನ್ಯೂ ಹೇವನ್‌ವರೆಗಿನ ದಾರಿ ಬೇರೆ.

ಆ ಒದ್ದೆ ಎಂಥದ್ದು ಅಂತ ನಾನು ಬಲ್ಲೆ. ಇಲ್ಲಿ ಮಾರ್ಚ್‌ನಲ್ಲಿ ನದಿಯ ಮಂಜುಗಡ್ಡೆ ಕರಗುತ್ತಿದ್ದಂತೆ ದೋಣಿ ಇಳಿಸುತ್ತೇವೆ. ಬೆನ್ನ ಹಿಂದೆ ಕೂತವರ ಹುಟ್ಟಿನಿಂದ ಚಿಮ್ಮಿದ ನೀರು ಬೆನ್ನು, ತೊಡೆ ಎಲ್ಲ ನೆನೆಸುತ್ತದೆ. ಹುಟ್ಟು ಹಾಕುತ್ತಿರುವಷ್ಟು ಹೊತ್ತು ಗೊತ್ತಾಗುವುದಿಲ್ಲ, ಮೈ ಬಿಸಿ ಇರುತ್ತದೆ. ನಿಲ್ಲಿಸಿದ ಹತ್ತೇ ನಿಮಿಷಕ್ಕೆ ಹಲ್ಲು ಕಟಕಟ ಅನ್ನಲು ಶುರು. ನಾನು ಓಡಿ ಹೋಗಿ ಕಾರಿನ ಹೀಟರ್ ಹಾಕಿಕೊಳ್ಳುತ್ತೇನೆ. ಅವರಿಗೆ ಅದೂ ಇರಲಿಲ್ಲ. ತಂಡದಲ್ಲಿ ನ್ಯುಮೋನಿಯಾ ಕೂಡ ಬಂತು.

ಅವರು ಕೇಳಿದ್ದು ಶವರ್ ಮಾತ್ರ. ಕೇಳಿದಾಗಲೆಲ್ಲ ನೋಡೋಣ, ಪರವಾನಗಿ ಬರಬೇಕು ಎಂಬ ಉತ್ತರ. ಕಾನೂನು ಬಂದು ಆಗಲೇ ನಾಲ್ಕು ವರ್ಷ ಆಗುತ್ತಾ ಬಂದಿತ್ತು.

1976ರ ಮಾರ್ಚ್ 3ರಂದು ತಂಡದ ನಾಯಕಿ ಕ್ರಿಸ್ ಅರ್ನ್ಸ್ಟ್ ಮತ್ತು ಗೆಳತಿಯರು, ಒಟ್ಟು 19 ಜನ, ಮಹಿಳಾ ಕ್ರೀಡೆಯ ಜವಾಬ್ದಾರಿ ಇದ್ದ ಅಧಿಕಾರಿಯ ಕಚೇರಿಗೆ ನಡೆದರು. ಜೊತೆಗೆ ವಿದ್ಯಾರ್ಥಿ ಪತ್ರಿಕೆಯ ಫೋಟೋಗ್ರಾಫರ್ ಇದ್ದರು, ನ್ಯೂಯಾರ್ಕ್ ಟೈಮ್ಸ್‌ಗೆ ವರದಿ ಕಳಿಸುವ ಒಬ್ಬರೂ ಇದ್ದರು. ಒಳಗೆ ಹೋಗಿ ಸ್ವೆಟ್‌ಶರ್ಟ್ ಕಳಚಿ ನಿಂತರು. ಬೆನ್ನ ಮೇಲೆ, ಎದೆಯ ಮೇಲೆ ನೀಲಿ ಬಣ್ಣದಲ್ಲಿ ಟೈಟಲ್ ನೈನ್ ಎಂದು ಬರೆದುಕೊಂಡಿದ್ದರು. ಯೇಲ್ ದುಡಿಸಿಕೊಳ್ಳುತ್ತಿರುವ ಮೈಗಳು ಇವೇ ನೋಡಿ ಎಂಬ ಅರ್ಥದ ಹೇಳಿಕೆಯನ್ನು ಅರ್ನ್ಸ್ಟ್ ಓದಿದರು. ಓದಿ ಮುಗಿಸಿ, ಬಟ್ಟೆ ಹಾಕಿಕೊಂಡು ಹೊರಟರು. ಮರುದಿನ ಟೈಮ್ಸ್‌ನಲ್ಲಿ ಸುದ್ದಿ ಬಂತು. ಮುಂದಿನ ವರ್ಷದ ಹೊತ್ತಿಗೆ ಬೋಟ್‌ಹೌಸಿನಲ್ಲಿ ಹುಡುಗಿಯರಿಗೂ ಕೋಣೆ ಬಂತು, ಬಿಸಿನೀರೂ ಬಂತು.

ಇಪ್ಪತ್ತರ ಆಸುಪಾಸಿನ ಹುಡುಗಿಯರು. ಅವರಲ್ಲಿ ಎಷ್ಟು ಜನರ ಎದೆ ಆ ಮೆಟ್ಟಿಲು ಹತ್ತುವಾಗ ಢವಢವ ಅಂದಿರಬೇಕು! ನಾನು ಜಾಸ್ತಿ ಯೋಚಿಸುವುದು ಅದನ್ನೇ. ಅದೇ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ರೋಯಿಂಗ್ ಮೊದಲ ಸಲ ಸೇರಿತ್ತು. ಯೇಲ್ ತಂಡದ ಆನ್ ವಾರ್ನರ್ ಅಮೆರಿಕದ ಎಂಟು ಜನರ ದೋಣಿಯಲ್ಲಿ ಕಂಚು ಗೆದ್ದರು. ಆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಪಂದ್ಯ 1000 ಮೀಟರ್, ಪುರುಷರಿಗೆ 2000. ಒಲಿಂಪಿಕ್ಸ್‌ನಲ್ಲಿ ದೂರ ಸಮ ಆದದ್ದು 1988ರಲ್ಲಿ. ಕ್ರಿಸ್ ಅರ್ನ್ಸ್ಟ್ ಮುಂದೆ 1986ರಲ್ಲಿ ವಿಶ್ವ ಚಾಂಪಿಯನ್ ಆದರು. ಹೊಟ್ಟೆಪಾಡಿಗೆ ಪ್ಲಂಬರ್ ಆಗಿ, ಇದೇ ಬಾಸ್ಟನ್‌ನಲ್ಲಿ ಮನೆಮನೆಗೆ ನೀರಿನ ಪೈಪು ಕೂರಿಸುವ ಕೆಲಸ ಮಾಡಿದರು. ಇದು ತಿಳಿದ ದಿನ ನಾನು ಬಹಳ ಖುಷಿಪಟ್ಟೆ.

ಮಾಂಟ್ರಿಯಲ್‌ನ ಅದೇ ದೋಣಿಯಲ್ಲಿ ವಿಸ್ಕಾನ್ಸಿನ್‌ನ ಕ್ಯಾರಿ ಗ್ರೇವ್ಸ್ ಕೂಡ ಇದ್ದರು. ಎಂಟು ವರ್ಷದ ಬಳಿಕ ಲಾಸ್ ಏಂಜಲೀಸ್‌ನಲ್ಲಿ ಅವರಿಗೆ ಚಿನ್ನ ಬಂತು. 1990ರ ದಶಕದ ಕೊನೆಯಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಮಹಿಳಾ ರೋಯಿಂಗ್ ತಂಡ ಶುರು ಮಾಡಿದಾಗ ಕೋಚ್ ಆಗಿ ಹೋದವರು ಅವರೇ. ಟೆಕ್ಸಸ್ ಅಂದರೆ ಫುಟ್‌ಬಾಲ್ ಅಂದರೆ ಪ್ರಾಣ ಬಿಡುವ ನಾಡು. ನಾನು ಮೊದಲು ಹೇಳಿದ ಲೆಕ್ಕ ಇಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಆ ಸ್ಕಾಲರ್‌ಶಿಪ್‌ಗಳ ಹಿಂದೆ ಯಾರು ಒದ್ದೆಯಾಗಿದ್ದರು ಅನ್ನುವುದೂ ಇಲ್ಲೇ ಕಾಣುತ್ತದೆ. ಹಾಗಾಗಿ ಅನ್ಯಾಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹುಡುಗರಿಗೆ ದೋಣಿ, ಕೋಚು, ಬಿಸಿನೀರು ನೂರು ವರ್ಷಕ್ಕೂ ಮೊದಲೇ ಸಿಕ್ಕಿದ್ದವು.

ಮಗಳನ್ನು ಕಳಿಸಬೇಕು ಅಂದುಕೊಂಡವರಿಗೆ ಎರಡು ಮಾತು. ಯೇಲ್, ಹಾರ್ವರ್ಡ್‌ನಂಥ ಐವಿ ಲೀಗ್ ಕಾಲೇಜುಗಳಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಅದನ್ನು ಮೊದಲೇ ತಿಳಿದುಕೊಳ್ಳಿ. ಆಮೇಲೆ, ಹೈಸ್ಕೂಲಿನಲ್ಲಿ ಹುಟ್ಟು ಹಿಡಿಯದ ಹುಡುಗಿಯರನ್ನೂ ಎಷ್ಟೋ ಕಾಲೇಜುಗಳು ತಂಡಕ್ಕೆ ಸೇರಿಸಿಕೊಂಡು ಕಲಿಸುತ್ತವೆ. ಎತ್ತರ ಇರಬೇಕು, ಹಟ ಇರಬೇಕು, ಬೆಳಗ್ಗೆ ಐದಕ್ಕೆ ಏಳಬೇಕು. ಎಲ್ಲಕ್ಕಿಂತ ಮೊದಲು ಅವಳಿಗೆ ಈಜು ಕಲಿಸಿ.